ಒಣ ಕಾಲುವೆಯ ಟಮಾಟಿ

ಎಳ್ಳಮಾವಾಸ್ಯೆಯ ಮರುದಿನ ಮುಂಜಾನೆ ಹುಸೇನಮ್ಮ ಕೊಡ ಹಿಡಿದು ಹಳ್ಳಕ್ಕೆ ಇಳಿದಾಗ ಸಂಗತಿ ಮೊದಲು ಮೂಗಿಗೆ ಗೊತ್ತಾಯಿತು, ಆಮೇಲೆ ಕಣ್ಣಿಗೆ.

ಮಡುವಿನ ತುಂಬ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನೀರು ಕರ್ರಗೆ, ಸೀದ ಬಾಣಲಿಯ ತಳದ ಹಾಗೆ. ದಂಡೆಯ ಮರಳಿನಲ್ಲಿ ತೋಡಿದ ವರತಿ, ಅಂದರೆ ಗಚ್ಚಿನಾಳದ ಮಂದಿ ಮುತ್ತಜ್ಜರ ಕಾಲದಿಂದ ಕುಡಿಯುತ್ತ ಬಂದ ಒರತೆಯ ಗುಂಡಿ, ಅದರ ಬಾಯಿಗೂ ಕರಿ ನೊರೆ ಮುತ್ತಿತ್ತು.

ಹುಸೇನಮ್ಮ ಬರ ನೋಡಿದ್ದಳು, ನೆರೆ ನೋಡಿದ್ದಳು. ವರತಿ ನಾರಿದ್ದನ್ನು ಮಾತ್ರ ನೋಡಿರಲಿಲ್ಲ.

ಹೊಲಸು ಎಲ್ಲಿಂದ ಬಂತು? ಮರಳಿನ ಮೇಲೆ ಕರಿ ಗೆರೆಯೊಂದು ಉಳಿದಿತ್ತು. ಅದರ ಬೆನ್ನು ಹತ್ತಿ ಕಣ್ಣು ಹಾಯಿಸಿದಳು. ಗೆರೆ ನೆಟ್ಟಗೆ ಹೋಗಿ ಯಮನಮ್ಮನ ಮಂಡಕ್ಕಿ ಭಟ್ಟಿಯ ಮಗ್ಗುಲಿನ ಕಾಲುವೆಯ ಬಾಯಿಗೆ ಮುಟ್ಟಿತ್ತು. ಭಟ್ಟಿಯ ನೀರು ಹಳ್ಳಕ್ಕೆ ಬೀಳುವುದೂ ಅಲ್ಲಿಂದಲೇ.

"ಏ ಯಮನವ್ವಾ! ನಿನ್ನ ಭಟ್ಟಿ ಬಾಯಿಂದ ಹೊಲಸು ಬಂದೈತಲ್ಲಬೇ!"

ಕೂಗಿದ್ದು ಒಂದೇ ಮಾತು. ಆದರೆ ಆಡಿದ ಮಾತಿಗೆ ಕಾಲು ಬರುತ್ತವೆ.

ಖಾಲಿ ಕೊಡದೊಂದಿಗೆ ಮೇಲೆ ಹತ್ತಿ ಬಂದರೆ ಹನುಮಪ್ಪನ ಗುಡಿಯ ಮುಂದೆ ನೀರಿನ ಟ್ಯಾಂಕರ್ ನಿಂತಿತ್ತು. ಚಾಲಕ ಕನಕರಾಯ ಸೀಟಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಕೂಗು ಕೇಳಿ ಎದ್ದ ಹೆಂಗಸರು ಒಬ್ಬೊಬ್ಬರಾಗಿ ಕೊಡ ತಂದರು.

"ಯಪ್ಪಾ, ಕಂಪನಿಯವ್ರು ದೇವರಂಥವ್ರು ನೋಡ್ರಿ! ಕಷ್ಟದಾಗ ಓಡಿ ಬಂದಾರ."

ಕಂಪನಿ ಎಂದರೆ ಗಂಗಾಬಿಂದು ಕಂಪನಿ. ಪಟ್ಟಣಕ್ಕೆ ಕುಡಿಯುವ ನೀರು ಕೊಡುವುದೂ ಅದೇ, ಪಟ್ಟಣದ ಒಳಚರಂಡಿಯ ಹೊಲಸನ್ನು ಶುದ್ಧ ಮಾಡುವ ಗುತ್ತಿಗೆಯೂ ಅದರದೇ. ಶುದ್ಧ ಮಾಡುವ ಘಟಕ ಗಚ್ಚಿನಾಳದ ಮೇಲುಭಾಗದಲ್ಲಿ, ಎತ್ತರದ ಗೋಡೆಯೊಳಗೆ ಇತ್ತು.

ಹುಸೇನಮ್ಮನೂ ಕೊಡ ತುಂಬಿಕೊಂಡಳು. ಬಾಯಾರಿದವರು ನೀರಿನ ಕುಲ ಕೇಳುವುದಿಲ್ಲ.

ಹೊತ್ತು ಏರುವಷ್ಟರಲ್ಲಿ ಕಂಪನಿಯ ಮ್ಯಾನೇಜರ್ ವಿರೇಶ ಬಿಳಿ ಕಾರಿನಲ್ಲಿ ಬಂದ. ಕಾಲುವೆಯ ಬಾಯಿಯ ಫೋಟೊ ಹೊಡೆದುಕೊಂಡ.

"ಮೊದಲ ನೋಡಿದವ್ರು ಯಾರು?"

ಎಲ್ಲರ ಬೆರಳು ಹುಸೇನಮ್ಮನ ಕಡೆ ತಿರುಗಿತು.

"ಏನಂದೆಬೇ ಅಜ್ಜಿ? ಭಟ್ಟಿ ಬಾಯಿಂದ ಬಂತು ಅಂದಿ, ಹೌದಲ್ಲ?"

"ಅಂದೀನಿ. ಕಂಡದ್ದು ಅಂದೀನಿ."

"ಸಾಕು. ಇದಕ್ಕಿಂತ ಸಾಕ್ಷಿ ಬ್ಯಾಡ." ವಿರೇಶ ಅಲ್ಲೇ ನಿಂತು ಫೋನು ಮಾಡಿದ. ತಕರಾರು ಹೋಯಿತು: ಮಂಡಕ್ಕಿ ಭಟ್ಟಿಯ ಹೊಲಸಿನಿಂದ ಹಳ್ಳ ಕೆಟ್ಟಿದೆ, ಭಟ್ಟಿಗೆ ಬೀಗ ಹಾಕಬೇಕು.

ಗಂಡ ತೀರಿದ ಮೇಲೆ ಯಮನಮ್ಮ ಆ ಭಟ್ಟಿಯನ್ನು ಒಬ್ಬಳೇ ನಡೆಸಿದವಳು. ಊರಿನ ಐದಾರು ಹೆಂಗಸರ ಒಲೆ ಅದರ ಒಲೆಯಿಂದ ಉರಿಯುತ್ತಿತ್ತು. ಜರಡಿ ಹಿಡಿಯುವ ಹುಸೇನಮ್ಮನದೂ ಸೇರಿ. ಯಮನಮ್ಮ ಜಗಳಕ್ಕೆ ಬರಲಿಲ್ಲ. ಬಾಗಿಲಲ್ಲಿ ನಿಂತು ಇಷ್ಟೇ ಅಂದಳು:

"ದೊಡ್ಡವ್ವಾ, ನಾ ಸಾವಿರ ಸಲ ಅಲ್ಲ ಅಂದ್ರೂ ಯಾರೂ ನಂಬಂಗಿಲ್ಲ. ನೀ ಒಮ್ಮೆ ಹೌದಂದ್ರ ಸಾಕು, ಊರು ನಂಬತೈತಿ."

ಹುಸೇನಮ್ಮ ಆ ಮಾತು ಹೊತ್ತುಕೊಂಡೇ ಮತ್ತೆ ಹಳ್ಳದ ಕಡೆ ನಡೆದಳು.

ಅಷ್ಟರಲ್ಲಿ ವಿರೇಶ ಇನ್ನೊಂದು ಉಪಕಾರಕ್ಕೆ ಮುಂದಾದ. ದೊಡ್ಡ ಕಾಲುವೆಯ ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಡುವ ಗೇಟೊಂದಿತ್ತು. ಅದರ ಕಾವಲುಗಾರ ಪೀರ್‌ಸಾಬ್‌ನನ್ನು ಕರೆಸಿದ.

"ಗೇಟ್ ಎತ್ತು ಮಾರಾಯಾ. ಹೊಲಸೆಲ್ಲ ತೊಳಕೊಂಡು ಹೋಗ್ಲಿ. ಜಲ್ದಿ!"

ಪೀರ್‌ಸಾಬ್ ಚಾವಿ ಹಿಡಿದು ಹೋದ. ಹೋಗಿ ನೋಡಿದರೆ ಗೇಟಿನ ಚಕ್ರಕ್ಕೆ ಬೆನ್ನು ಹಚ್ಚಿ ಹುಸೇನಮ್ಮ ಕೂತಿದ್ದಳು.

"ಏಳಬೇ ಅಕ್ಕಾ."

"ಏಳಂಗಿಲ್ಲ. ಕಳುವಾದ ಮನಿ ಕಸ ಯಾರರ ಹೊಡಿತಾರೇನೋ? ಮೊದಲ ಅಧಿಕಾರಿ ಬಂದು ನೋಡ್ಲಿ."

"ಸಾಹೇಬ್ರು ಸಿಟ್ಟಾಗ್ತಾರ..."

"ಆಗ್ಲಿ. ಅವರ ಸಿಟ್ಟಿಗೂ ಟ್ಯಾಂಕರ್ ಬರತೈತಿ ಬಿಡು."

ಪೀರ್‌ಸಾಬ್ ನಕ್ಕು ಚಾವಿಯನ್ನು ಕಿಸೆಗೆ ಹಾಕಿಕೊಂಡ.

*

ಪರಿಸರ ಅಧಿಕಾರಿ ಜಯಶ್ರೀ ಬಂದದ್ದು ಮಾರನೆಯ ದಿನ. ಲಿಂಗಸುಗೂರಿನ ಮಗಳು. ಕಾಲಲ್ಲಿ ರಬ್ಬರಿನ ಬೂಟು, ಕೈಯಲ್ಲಿ ಬಾಟಲಿಗಳ ಪೆಟ್ಟಿಗೆ. ಮಾತು ಕಡಿಮೆ, ಪ್ರಶ್ನೆ ಹೆಚ್ಚು. ಮಡುವಿನ ನೀರು ಬಾಟಲಿಗೆ ತುಂಬಿ, ಮೂಸಿ, ಮುಚ್ಚಳ ಹಾಕಿದಳು. ಆಮೇಲೆ ಯಮನಮ್ಮನ ಕಡೆ ತಿರುಗಿದಳು.

"ನೀವು ಕಾಲುವಿಗೆ ನೀರು ಬಿಟ್ಟಿದ್ರೇನು?"

"ಬಿಟ್ಟಿದ್ದೆ ರೀ. ಸುಳ್ಯಾಕ ಹೇಳ್ಲಿ? ಹಬ್ಬದ ಹಿಂದಿನ ದಿನ ಭತ್ತ ನೆನಸೋ ತೊಟ್ಟಿ ತೊಳದು ಬಿಟ್ಟೆ. ಹಬ್ಬದ ದಿನ ಒಲಿ ಹಚ್ಚೇ ಇಲ್ಲ. ಎಲ್ಲಾರೂ ಹೊಲಕ್ಕ ಚರಗ ಚೆಲ್ಲಾಕ, ಭೂಮ್ತಾಯಿಗೆ ಎಡಿ ಕೊಡಾಕ ಹೋಗಿದ್ವಿ."

ವಿರೇಶ ಮುಗುಳ್ನಕ್ಕ. "ಒಪ್ಪಿಕೊಂಡ್ಲಲ್ರಿ, ಮೇಡಂ!"

"ತೊಟ್ಟಿ ತೊಳದದ್ದು ಒಪ್ಪಿಕೊಂಡ್ರು," ಎಂದಳು ಜಯಶ್ರೀ. "ನಡೀರಿ, ನಿಮ್ಮ ಘಟಕ ನೋಡೋಣ. ಅಜ್ಜಿ, ನೀವೂ ಬರ್ರಿ. ಮೊದಲ ನೋಡಿದ ಕಣ್ಣು ಜೊತಿಗಿರಲಿ."

ಘಟಕದ ಗೋಡೆಯೊಳಗೆ ತೊಟ್ಟಿಗಳು, ಕೊಳವೆಗಳು, ನೀಲಿ ಬಣ್ಣ. ಹಳ್ಳಕ್ಕೆ ನೀರು ಬಿಡುವ ದೊಡ್ಡ ಕೊಳವೆಯ ಬಳಿ ವಿರೇಶ ಎದೆ ಸೆಟೆಸಿ ನಿಂತ. ಒಂದು ಗ್ಲಾಸಿನಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿದ.

"ನೋಡ್ರಿ. ಕನ್ನಡಿ ಇದ್ದಂಗ ಐತಿ."

ಹೌದು, ನೀರು ತಿಳಿಯಾಗಿತ್ತು. ಕೊಳವೆಯ ಕೆಳಗಿನ ಕಲ್ಲಿಗೂ ಕರಿ ಹತ್ತಿರಲಿಲ್ಲ. ಹುಸೇನಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಲ್ಲಿ ತಿಳಿ, ಕೆಳಗೆ ಕರಿ. ನಡುವೆ ಇರುವುದು ಭಟ್ಟಿಯೊಂದೇ.

ಹೊರಡುವಾಗ ಮೂಲೆಯಲ್ಲಿ ತಾಡಪಾಲು ಹೊದ್ದು ಕೂತ ದೊಡ್ಡ ಮೋಟರೊಂದು ಕಂಡಿತು.

"ಇದಕ್ಕೇನು ಥಂಡಿ ಆಗೈತೇನಪಾ?" ಹುಸೇನಮ್ಮ ಕೇಳಿದಳು.

"ಅದು ಹೆಚ್ಚಿನ ಮೋಟರ್ ಅಜ್ಜಿ. ಬೇಕಾದಾಗ ಹಚ್ಚತೀವಿ." ವಿರೇಶ ಸರಸರ ಮುಂದೆ ನಡೆದ. ಜಯಶ್ರೀ ಮಾತ್ರ ಬಗ್ಗಿ, ತಾಡಪಾಲಿನ ಅಂಚಿನಲ್ಲಿ ಜೇಡ ಕಟ್ಟಿದ ಬಲೆಯನ್ನು ಒಂದು ಗಳಿಗೆ ನೋಡಿದಳು.

*

ಮಧ್ಯಾಹ್ನ ಹುಸೇನಮ್ಮನ ಮನೆಯಲ್ಲಿ ಊಟ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕೆಂಪಗಿನ ಚಟ್ನಿ. ಜಯಶ್ರೀ ಒಂದು ತುತ್ತು ಬಾಯಿಗಿಟ್ಟು ತಲೆದೂಗಿದಳು.

"ಚಟ್ನಿ ಭಾಳ ರುಚಿ ಆಗೇದ ಅಜ್ಜಿ."

"ಟಮಾಟಿ ಚಲೋ ಅದಾವ ಯವ್ವಾ. ಸಂತ್ಯಾಗಿಂದಲ್ಲ. ಪುಕ್ಕಟೆ!"

"ಪುಕ್ಕಟೆ? ಎಲ್ಲಿಂದ?"

"ಇಲ್ಲೇ, ಭಟ್ಟಿ ಹಿಂದಿನ ಹಳೆ ಕಾಲುವ್ಯಾಗ. ತಾನಾ ಹುಟ್ಟಿ ತಾನಾ ಬೆಳದಾವು. ಹೆಣ್ಣುಮಕ್ಕಳೆಲ್ಲ ಹರಕೊಂಡು ಬರತೀವಿ."

ಜಯಶ್ರೀಯ ಕೈ ರೊಟ್ಟಿಯ ಮೇಲೇ ನಿಂತಿತು. ಬಾಯಲ್ಲಿದ್ದದ್ದನ್ನು ನುಂಗಬೇಕೋ ಬೇಡವೋ ಎಂಬಂತೆ ಅಗಿಯುವುದನ್ನು ನಿಲ್ಲಿಸಿದಳು. ಆಮೇಲೆ ನುಂಗಿ, ಒಂದು ಚೊಂಬು ನೀರು ಕುಡಿದಳು.

"ಯಾಕಬೇ, ಖಾರ ಆತೇನು?"

"ಇಲ್ಲ ಅಜ್ಜಿ. ಏಳ್ರಿ. ಆ ಕಾಲುವಿ ತೋರಸ್ರಿ. ಈಗಲೇ."

ಆ ಹಳೆ ಕಾಲುವೆ ಹುಸೇನಮ್ಮ ಮದುವೆಯಾಗಿ ಬಂದಾಗಲೇ ಮುದಿಯಾಗಿತ್ತು. ದೊಡ್ಡ ಕಾಲುವೆ ಬರುವ ಮೊದಲು ಯಾವುದೋ ಕಾಲದಲ್ಲಿ ಕೆರೆಯ ನೀರು ತರಲು ತೋಡಿದ್ದು. ಕೆರೆ ಹೂತು ಹೊಲವಾಯಿತು, ಹೊಲದ ಮೇಲೆ ಕಂಪನಿಯ ಘಟಕ ಎದ್ದಿತು, ಕಾಲುವೆಯಲ್ಲಿ ಜಾಲಿ ಬೆಳೆಯಿತು. ಕೊನೆಯ ತುದಿಯಷ್ಟೇ ಬಳಕೆಯಲ್ಲಿತ್ತು, ಯಮನಮ್ಮನ ಭಟ್ಟಿಯ ನೀರು ಹರಿಯಲು.

ಭಟ್ಟಿಯ ನೀರು ಕಾಲುವೆಗೆ ಬೀಳುವ ಜಾಗದಲ್ಲಿ ಜಯಶ್ರೀ ನಿಂತಳು.

"ಭಟ್ಟಿ ನೀರು ಇಲ್ಲಿಂದ ಕೆಳಗ ಹರಿತೈತಿ. ಮ್ಯಾಲಕ್ಕ ಏರತೈತೇನು?"

"ನೀರು ಮ್ಯಾಲಕ್ಕ ಹೆಂಗ ಏರತೈತಿ ಯವ್ವಾ?"

"ಟಮಾಟಿ ಎಲ್ಲಿ ಅದಾವ?"

ಹುಸೇನಮ್ಮ ಮೇಲುಗಡೆ ಕೈ ತೋರಿಸಿದಳು. ಜಾಲಿಯ ನೆರಳಿನಲ್ಲಿ, ಕಾಲುವೆಯ ತಳದ ಉದ್ದಕ್ಕೂ, ಸಾಲು ಹಿಡಿದು ನೆಟ್ಟ ಹಾಗೆ ಗಿಡಗಳು. ಹಸಿರು ಸೊಕ್ಕಿ ಬೆಳೆದಿತ್ತು. ಕಾಯಿ, ಹಣ್ಣು, ಹೂವು ಎಲ್ಲವೂ ಒಟ್ಟಿಗೆ. ಎರಡೂ ದಂಡೆಗಳ ಮೇಲೆ ಮಾತ್ರ ಹುಲ್ಲು ಒಣಗಿ ಬೂದಿಯಾಗಿತ್ತು.

"ಕಡೇ ಮಳಿ ಯಾವಾಗ ಬಂತು ಅಜ್ಜಿ?"

"ದಸರಾ ಮುಂದ ಒಂದ್ಸಲ. ಆಮ್ಯಾಲ ಮುಗಲು ಬಾಯಿ ತೆಗದಿಲ್ಲ."

"ಮತ್ತ ಇವಕ್ಕ ನೀರು ಉಣಸೋರು ಯಾರು?"

ಹುಸೇನಮ್ಮ ಬಗ್ಗಿ ಒಂದು ಗಿಡದ ಬುಡದ ಎಲೆ ಸರಿಸಿದಳು. ಬೆರಳಿಗೆ ಕರಿ ಕೆಸರು ಹತ್ತಿತು. ಇಷ್ಟು ದಿನ ಸೆರಗು ತುಂಬ ಹಣ್ಣು ಕಟ್ಟಿಕೊಂಡು ಹೋಗಿದ್ದಾಳೆ. ಒಮ್ಮೆಯೂ ತನ್ನನ್ನು ತಾನು ಆ ಪ್ರಶ್ನೆ ಕೇಳಿರಲಿಲ್ಲ. ಪುಕ್ಕಟೆ ಹಣ್ಣಿನ ಬೇರು ಯಾರು ನೋಡುತ್ತಾರೆ?

ಇಬ್ಬರೂ ಗಿಡಗಳ ಬೆನ್ನು ಹತ್ತಿ ನಡೆದರು. ಕಾಲುವೆ ಬಳುಕಿದಲ್ಲಿ ಗಿಡಗಳೂ ಬಳುಕಿದವು. ಕೊನೆಗೆ ಎದುರಾದದ್ದು ಎತ್ತರದ ಗೋಡೆ, ಕಂಪನಿಯ ಹಿಂಗೋಡೆ. ಅದರ ಬುಡದಲ್ಲಿ ಮುಳ್ಳಿನ ಹೊರೆ. ಜಯಶ್ರೀ ಬೂಟಿನಿಂದ ಒದ್ದು ಸರಿಸಿದಳು. ಹಿಂದೆ ದುಂಡಗಿನ ಕೊಳವೆಯ ಬಾಯಿ, ಮೇಲೆ ಮೆತ್ತಿದ ಸಿಮೆಂಟು. ಗೋಡೆಯ ಸಿಮೆಂಟು ಹಳೆಯದಾಗಿ ಕಪ್ಪಾಗಿತ್ತು. ಇದು ಎಳೆಯ ಬೂದು ಬಣ್ಣದ್ದು, ಉಗುರಿನಿಂದ ಗೀರಿದರೆ ಪುಡಿ ಉದುರಿತು.

"ಹೊಸಾದು," ಎಂದಳು ಹುಸೇನಮ್ಮ.

"ಹಬ್ಬ ಆದ ಮ್ಯಾಲಿಂದು," ಎಂದಳು ಜಯಶ್ರೀ. "ಇನ್ನೊಂದು ಮಾತು ಅಜ್ಜಿ. ಅವತ್ತು ಮುಂಜಾನೆ ನೀವು ಹಳ್ಳದಿಂದ ಮ್ಯಾಲ ಬಂದಾಗ ಟ್ಯಾಂಕರ್ ಇತ್ತೋ, ಆಮ್ಯಾಲ ಬಂತೋ?"

"ಇತ್ತು."

"ಚಾಲಕ?"

"ಗೊರಕಿ ಹೊಡ್ಯಾಕತ್ತಿದ್ದ."

"ಕಂಪನಿಗೆ ಫೋನು ಮಾಡಿದವ್ರು ಯಾರು?"

"ಯಾರೋ ಮಾಡಿರಬೇಕು..." ಹುಸೇನಮ್ಮನ ಮಾತು ಅರ್ಧಕ್ಕೇ ನಿಂತಿತು. ಮಡುವನ್ನು ಮೊದಲು ನೋಡಿದವಳು ತಾನು. ಕೂಗಿದವಳು ತಾನು. ಆ ಕೂಗಿಗೇ ಊರು ಎದ್ದದ್ದು. ಹಾಗಿದ್ದರೆ—

"ಯವ್ವಾ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡಳು. "ಮನಿಗೆ ಬೆಂಕಿ ಬೀಳೋದರೊಳಗ ಕೊಡ ಹೊತ್ತು ಬಂದು ಕುಂತಿದ್ರೇನು?"

ಜಯಶ್ರೀ ಮೊದಲ ಬಾರಿಗೆ ನಕ್ಕಳು.

*

ಸಂಜೆ ಹನುಮಪ್ಪನ ಗುಡಿಯ ಕಟ್ಟೆಗೆ ಊರು ಸೇರಿತು. ಯಮನಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ವಿರೇಶ ಕುರ್ಚಿಯಲ್ಲಿ ಕೂತು ಕೈಗಡಿಯಾರ ನೋಡುತ್ತಿದ್ದ.

"ಮೇಡಂ, ಬೀಗ ಹಾಕೋದು ಇವತ್ತೇ ಆಗಲಿ. ನಮ್ಮ ಟ್ಯಾಂಕರ್ ಎಷ್ಟು ದಿನ ಅಂತ ಓಡಬೇಕು?"

"ಇವತ್ತೇ ಆಗತೈತಿ," ಎಂದಳು ಜಯಶ್ರೀ. "ಮೊದಲ ಪೀರ್‌ಸಾಬ್ ಒಂದು ಮಾತು ಹೇಳ್ಲಿ. ಹೊಲಗಳಿಗೆ ನೀರಿನ ಸರದಿ ಮುಗದ ದಿನ ನೀವು ಏನು ಮಾಡ್ತೀರಿ?"

"ಹೆಚ್ಚಿನ ನೀರು ಹಳ್ಳಕ್ಕ ಬಿಡತೀನ್ರಿ. ಗೇಟ್ ಎತ್ತಿದ್ರ ಹಳ್ಳ ದಂಡಿಗೆ ದಂಡಿ ಹರಿತೈತಿ."

"ಈ ಸಲದ ಸರದಿ ಯಾವತ್ತು ಮುಗಿತು?"

"ಕಾಗದದ ಪ್ರಕಾರ ಎಳ್ಳಮಾಸಿ ದಿನ."

"ಗೇಟ್ ಎತ್ತಿದ್ರೇನು?"

ಪೀರ್‌ಸಾಬ್ ಕಿವಿ ಮುಟ್ಟಿಕೊಂಡ. "ಅಮಾಸಿ ದಿನ ಗೇಟಿಗೆ ಕೈ ಹಚ್ಚೋದುಂಟೇನ್ರಿ? ನಮ್ಮಪ್ಪನ ಕಾಲದಿಂದ ಇಲ್ಲ. ಕಾಯಿ ಒಡದೆ, ಕೈ ಮುಗದೆ, ಚರಗಕ್ಕ ಹೋದೆ. ಮರುದಿನ ಎತ್ತೋಣು ಅಂದ್ರ ಈ ಅಕ್ಕ ಚಕ್ರಕ್ಕ ಬೆನ್ನು ಹಚ್ಚಿ ಕುಂತಿದ್ಲು."

ಮಂದಿ ನಕ್ಕರು. ವಿರೇಶ ನಗಲಿಲ್ಲ.

"ಕನಕರಾಯ," ಜಯಶ್ರೀ ಚಾಲಕನ ಕಡೆ ತಿರುಗಿದಳು, "ಟ್ಯಾಂಕರ್ ತಗೊಂಡು ಹೋಗು ಅಂತ ನಿಮಗ ಯಾವಾಗ ಹೇಳಿದ್ರು?"

ಕನಕರಾಯ ಸಾಹೇಬನ ಮುಖ ನೋಡಿದ, ಊರಿನ ಮುಖ ನೋಡಿದ. ಊರು ದೊಡ್ಡದಾಗಿ ಕಂಡಿತು.

"ಅಮಾಸಿ ರಾತ್ರೀನೇ ಹೇಳಿದ್ರು ರೀ. ಮಂದಿ ಏಳೋದರೊಳಗ ಗುಡಿ ಮುಂದ ನಿಂತಿರು ಅಂತ."

ಕಟ್ಟೆಯ ಮೇಲಿನ ತಲೆಗಳೆಲ್ಲ ವಿರೇಶನ ಕಡೆ ತಿರುಗಿದವು.

"ಮಂದಿಗೆ ಗೊತ್ತಾದದ್ದು ಮುಂಜಾನೆ," ಎಂದಳು ಜಯಶ್ರೀ. "ವಿರೇಶ ಅವರಿಗೆ ಗೊತ್ತಾದದ್ದು ಹಿಂದಿನ ರಾತ್ರಿ. ಹೆಂಗ? ವರ್ಷಾನುಗಟ್ಟಲೆ ಟ್ಯಾಂಕರ್ ಬೇಡಿ ಚಪ್ಪಲಿ ಸವಿಸಿದ ಊರು ಇದು. ಅವತ್ತೊಂದು ದಿನ ಕೇಳದೇ ಬಂತು. ಎಲ್ಲಾರೂ ಆ ಉಪಕಾರ ನೋಡಿದ್ರು, ಅದರ ಹೊತ್ತು ಯಾರೂ ನೋಡಲಿಲ್ಲ."

"ಏ, ಅದು... ಹಬ್ಬದ ಸಲುವಾಗಿ ಸೇವಾ..."

"ಹಬ್ಬದ ಮರುದಿನ?" ಜಯಶ್ರೀ ಚೀಲದಿಂದ ಒಂದು ಟಮಾಟಿ ಹಣ್ಣು ತೆಗೆದು ಕಟ್ಟೆಯ ಮೇಲಿಟ್ಟಳು. "ಇದು ಏನು ಹೇಳತೈತಿ ಕೇಳ್ರಿ. ಮನುಷ್ಯರು ಟಮಾಟಿ ತಿಂತಾರ. ಬೀಜ ಹೊಟ್ಟ್ಯಾಗ ಕರಗಂಗಿಲ್ಲ. ಸಂಡಾಸದ ಜೊತಿ ಗಟಾರಕ್ಕ ಹೋಗಿ, ಎಲ್ಲಿ ಹೊಲಸು ಹರಿತೈತೋ ಅಲ್ಲಿ ಮೊಳಿತೈತಿ. ಭಟ್ಟಿ ನೀರಿನ್ಯಾಗ ಭತ್ತದ ಹೊಟ್ಟು ಇರತೈತಿ, ಇದು ಇರಂಗಿಲ್ಲ."

ಹೆಂಗಸರ ಸಾಲಿನಲ್ಲಿ ಯಾರೋ "ಅಯ್ಯ ನನ್ನ ಶಿವನ!" ಎಂದು ಬಾಯಿಗೆ ಸೆರಗು ಹಿಡಿದರು.

"ತೊಳದು ತಿಂದೀವಿ ಬಿಡು," ಎಂದಳು ಇನ್ನೊಬ್ಬಳು, ಧೈರ್ಯಕ್ಕೆ.

"ಹಕ್ಕಿ ಬೀಜ ಹಾಕಿರಬಹುದು!" ವಿರೇಶ ಎದ್ದು ನಿಂತ. "ಒಂದು ಗಿಡ ನೋಡಿ ಕಂಪನಿ ಮ್ಯಾಲ ತಪ್ಪು ಹೊರಸ್ತೀರೇನು?"

"ಹಕ್ಕಿ ಬೀಜ ಹಾಕಬಹುದು. ನೀರು ಹಾಕಂಗಿಲ್ಲ. ಮಳಿ ಇಲ್ಲದ ದಿನದಾಗ ಒಣ ಕಾಲುವ್ಯಾಗ ಗಿಡ ಹಣ್ಣು ಬಿಟ್ಟಾವ. ಅಂದ್ರ ತಿಂಗಳುಗಟ್ಟಲೆ ಹೊಲಸು ಹರದೈತಿ. ಗಿಡ ಭಟ್ಟಿಯ ಮ್ಯಾಲಿನ ಕಡೆ ಸುರು ಆಗಿ ನಿಮ್ಮ ಗೋಡೆಗೆ ಮುಗಿತಾವ. ಗೋಡೆ ಬುಡದಾಗ ಕೊಳವಿ ಐತಿ, ಕೊಳವಿ ಬಾಯಿಗೆ ಹಸಿ ಸಿಮೆಂಟ್ ಐತಿ. ಒಳಗ ಮೋಟರ್ ಕೆಟ್ಟು ಕುಂತೈತಿ, ಅದರ ಮ್ಯಾಲ ಜೇಡ ಮನಿ ಕಟ್ಟೈತಿ. ಅರ್ಧ ಹೊಲಸು ಶುದ್ಧ ಆಗಾಕತ್ತಿತ್ತು, ಅರ್ಧ ತೊಟ್ಟ್ಯಾಗ ಕೂಡಾಕತ್ತಿತ್ತು. ಗೇಟ್ ಎತ್ತಿದ ದಿನ ನೀವು ಹಿಂದಿನ ಕೊಳವಿ ಬಿಚ್ಚತಿದ್ರಿ. ಹಳ್ಳ ತುಂಬಿ ಹರಿಯೋದ್ರಾಗ ಯಾರಿಗೂ ತಿಳೀತಿರಲಿಲ್ಲ."

ಆಕೆ ವಿರೇಶನ ಮುಂದೆ ಬಂದು ನಿಂತಳು.

"ಎಳ್ಳಮಾಸಿ ದಿನ ನೀವೆಲ್ಲಿದ್ರಿ?"

"ಸಂತೆಕಲ್ಲೂರಾಗ. ಮಾವನ ಹೊಲದಾಗ."

"ಯಾಕ?"

"...ಚರಗಕ್ಕ."

"ಶೇಂಗಾ ಹೋಳಿಗಿ ಉಣ್ಣಾಕತ್ತಾಗ ಸರದಿ ನೆನಪಾತು. ಗೇಟ್ ಎತ್ತಿರತಾರ ಅಂತ ತಿಳಕೊಂಡು, ಕೊಳವಿ ಬಿಚ್ಚಿ ಬಿಡು ಅಂತ ಆಳಿಗೆ ಫೋನು ಮಾಡಿರಬೇಕು. ವಿರೇಶ, ನೀವು ಚರಗಕ್ಕ ಹೋಗಬಹುದು, ಪೀರ್‌ಸಾಬ್ ಹೋಗಬಾರದೇನು?"

ವಿರೇಶ ಕುರ್ಚಿಗೆ ಕೈ ಊರಿದ. ಇಲ್ಲಿಯೇ ಹುಟ್ಟಿ ಬೆಳೆದವನು. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಗೇಟು ಎತ್ತುವುದಿಲ್ಲ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ತನ್ನ ಹಬ್ಬ ನೆನಪಿತ್ತು, ಇನ್ನೊಬ್ಬರಿಗೂ ಅದೇ ಹಬ್ಬ ಎಂಬುದು ಮರೆತಿತ್ತು.

"ಸಂಜಿಗೆ ಬಂದು ನೋಡಿದ್ರ ಹಳ್ಳದಾಗ ಹರಿಯೋ ನೀರೇ ಇಲ್ಲ," ಎಂದ, ದನಿ ಇಳಿಸಿ. "ಎದಿ ಧಸಕ್ಕಂತು. ಸಣ್ಣ ಹುಡುಗ್ರು ವರತಿ ನೀರು ಕುಡದಾರು ಅಂತ ಟ್ಯಾಂಕರ್ ಕಳಿಸಿದೆ. ಮೋಟರ್ ರಿಪೇರಿ ಮಾಡಸ್ರಿ ಅಂತ ಮ್ಯಾಲಿನವ್ರಿಗೆ ಹೇಳಿ ಹೇಳಿ ಸಾಕಾತು. ಹಳ್ಳ ಐತಲ್ಲ, ಬಿಡು ಅಂದ್ರು."

"ಹುಡುಗ್ರ ಮ್ಯಾಲ ಕರುಣಾ ಬಂತು," ಹುಸೇನಮ್ಮ ಮೆಲ್ಲಗೆ ಕೇಳಿದಳು. "ಯಮನವ್ವನ ಮ್ಯಾಲ ಯಾಕ ಬರಲಿಲ್ಲೋ ತಮ್ಮಾ? ನನ್ನ ಬಾಯಿಂದ ಬಂದ ಅರ್ಧ ಮಾತು ಹಿಡದು ಆಕಿ ಒಲಿಗೆ ನೀರು ಹಾಕಾಕ ಬಂದ್ಯಲ್ಲ."

ವಿರೇಶ ಮೆಲ್ಲಗೆ ಕುರ್ಚಿಯಲ್ಲಿ ಕೂತ.

"ಹೊಲಸು ಬಿಡಿಸಿದ ಕೈ ಇವರದು," ಎಂದಳು ಜಯಶ್ರೀ. "ಕಳ್ಳ ಮಾತ್ರ ಗಂಗಾಬಿಂದು ಕಂಪನಿ. ದಂಡ ಕಂಪನಿ ಕಟ್ಟಬೇಕು, ನನ್ನ ವರದಿ ಹಂಗೇ ಹೋಗತೈತಿ. ಮಡುವಿನ ಹೊಲಸು ಅವರೇ ಎತ್ತಬೇಕು. ಗೇಟ್ ಎತ್ತಿ ಕೆಳಗಿನ ಊರಿಗೆ ತಳ್ಳೋದಲ್ಲ, ಎತ್ತಿ ಒಯ್ಯಬೇಕು. ವರತಿ ತಿಳಿ ಆಗೋ ತನಕ ಟ್ಯಾಂಕರ್ ನಿಲ್ಲಬಾರದು. ಮತ್ತ ಬೀಗ..." ಪೆಟ್ಟಿಗೆಯಿಂದ ಅರಗು, ದಾರ ತೆಗೆದಳು. "ಬೀಗ ಇವತ್ತೇ ಬೀಳತೈತಿ ಅಂದಿದ್ದೆ. ನಡೀರಿ, ಆ ಕೊಳವಿಗೆ."

ಬೇಸಿಗೆ ಬರುವ ಮೊದಲೇ ದಂಡದ ಆದೇಶ ಬಂತು. ಕಂಪನಿ ದೊಡ್ಡ ವಕೀಲರನ್ನು ಹಿಡಿದು ಗುದ್ದಾಡಿತು. ಬಾಟಲಿಯೊಳಗಿನ ಕರಿ ನೀರು ಮತ್ತು ಕೊಳವೆಯ ಬಾಯಿಯ ಮುಂದೆ ವಕೀಲರ ಮಾತು ನಡೆಯಲಿಲ್ಲ. ಮೋಟರಿನ ತಾಡಪಾಲು ಹೋಯಿತು. ಹೀರುವ ಯಂತ್ರಗಳು ಬಂದು ಮಡುವನ್ನು ತಳದವರೆಗೆ ಬಳಿದವು. ಗಚ್ಚಿನಾಳದವರು ಮರಳಿನಲ್ಲಿ ಹೊಸ ವರತಿ ತೋಡಿದರು. ಜಯಶ್ರೀ ಪರೀಕ್ಷೆ ಮಾಡಿ ಹೂಂ ಎನ್ನುವ ತನಕ ಅದರಲ್ಲಿ ಯಾರೂ ಕೊಡ ಮುಳುಗಿಸಲಿಲ್ಲ.

ಕೊನೆಯ ಪರೀಕ್ಷೆಗೆ ಬಂದ ದಿನ ಭಟ್ಟಿಯ ಒಲೆ ಧಗಧಗ ಉರಿಯುತ್ತಿತ್ತು. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು. ಯಮನಮ್ಮ ಬಿಸಿ ಮಂಡಕ್ಕಿಯನ್ನು ನೆನೆಸಿ ಸೂಸಲಕ್ಕೆ ಒಗ್ಗರಣೆ ಕೊಟ್ಟಳು. ಹುಸೇನಮ್ಮ ಜರಡಿ ಬದಿಗಿಟ್ಟು, ತಟ್ಟೆ ತುಂಬಿ ಜಯಶ್ರೀಯ ಕೈಗೆ ಕೊಟ್ಟಳು.

ಜಯಶ್ರೀ ತಟ್ಟೆಯನ್ನೊಮ್ಮೆ, ಮುದುಕಿಯ ಮುಖವನ್ನೊಮ್ಮೆ ನೋಡಿದಳು.

"ಏನು ತನಿಖಿ ಮಾಡಾಕತ್ತೀಯಬೇ?" ಎಂದಳು ಹುಸೇನಮ್ಮ. "ಟಮಾಟಿ ಹಾಕಿಲ್ಲ. ತಿನ್ನು."